ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವಾಗ

ಪ್ರಶ್ನೆ: ಅಮ್ಮನಿಗೆ 76 ವರ್ಷ, ಅಲ್‌ಝೈಮರ್ ಕಾಯಿಲೆ. ರಾತ್ರಿ ಚಿಲಕ ತೆಗೆದು ಬೀದಿಗೆ ಹೋಗಿಬಿಡುತ್ತಾರೆ. ಬೆಂಗಳೂರಿನ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಆರೈಕೆ ಕೇಂದ್ರವೊಂದಕ್ಕೆ ಸೇರಿಸಬೇಕೆಂದಿದ್ದೇವೆ. ಸಿದ್ಧತೆ ಹೇಗೆ? "ಮನೀಗೆ ಕರ್ಕೊಂಡು ಹೋಗು" ಎಂದರೆ ಏನು ಹೇಳಲಿ?
– ಓದುಗರು, ಧಾರವಾಡ

ಉತ್ತರ: ಹಣ ಕಟ್ಟುವ ಮುನ್ನ ಒಮ್ಮೆ ರಾತ್ರಿ ಎಂಟರ ಮೇಲೆ ಹೋಗಿ ನೋಡಿ. ರಾತ್ರಿಪಾಳಿಯಲ್ಲಿ ಎಷ್ಟು ಮಂದಿ ಇದ್ದಾರೆ, ನಿದ್ದೆ ಬಾರದೆ ಓಡಾಡುವವರನ್ನು ಹೇಗೆ ಸಂಭಾಳಿಸುತ್ತಾರೆ ಎಂದು ಕೇಳಿ. ಕಟ್ಟಿಹಾಕುತ್ತೇವೆ, ಮಾತ್ರೆ ಕೊಟ್ಟು ಮಲಗಿಸುತ್ತೇವೆ ಎಂದರೆ ಆ ಜಾಗ ಬೇಡ.

ಡಾಕ್ಟರ ಚೀಟಿಯಷ್ಟೇ ಮುಖ್ಯವಾದದ್ದು ನೀವು ಬರೆದುಕೊಡುವ ಒಂದು ಹಾಳೆ. ಏನೆಂದು ಕರೆದರೆ ಓಗೊಡುತ್ತಾರೆ? ಚಹಾಕ್ಕೆ ಸಕ್ಕರೆ ಎಷ್ಟು? ಮೂತ್ರಕ್ಕೆ ಅವಸರವಾದಾಗ ಸೆರಗು ಹಿಂಡುತ್ತಾರೋ, ಎದ್ದು ನಿಲ್ಲುತ್ತಾರೋ? ಸ್ನಾನದ ವಿಷಯವನ್ನಂತೂ ಬಿಡಿಸಿ ಬರೆಯಿರಿ. ಬಕೆಟ್ಟು, ತಂಬಿಗೆಗೆ ಒಗ್ಗಿದವರ ನೆತ್ತಿಯ ಮೇಲೆ ಶವರ್ ನೀರು ಸುರಿದರೆ ಗಾಬರಿಬಿದ್ದು ಕೈಯೆತ್ತಿ ಹೊಡೆಯಬಹುದು. ಕೊನೆಗೆ 'ಜಗಳಗಂಟಿ' ಎಂಬ ಹೆಸರು ಅವರಿಗೆ. ಮೊದಲು ಪಾದಕ್ಕೆ, ಆಮೇಲೆ ಮೈಗೆ, ತಲೆಗೆ ಬೇರೆ ದಿನ ಎಂದು ಬರೆದರೆ ಆ ಗಲಾಟೆ ಎಷ್ಟೋ ತಪ್ಪುತ್ತದೆ. ಸಿಬ್ಬಂದಿಗೆ ಧಾರವಾಡದ ಮಾತು ಹೊಸದು. ಅಮ್ಮ ದಿನವೂ ಆಡುವ ಹತ್ತು ಮಾತುಗಳನ್ನು ಅರ್ಥದ ಸಮೇತ ಕೊಡಿ.

ಅವರು ಹೊದೆಯುವ ಕೌದಿಯನ್ನು ಒಗೆಯದೆ ಒಯ್ಯಿರಿ, ಮನೆಯ ವಾಸನೆ ಅದರಲ್ಲಿರುತ್ತದೆ. ಚಿನ್ನ ಮನೆಯಲ್ಲೇ ಇರಲಿ. ಬರಿಗೈ ತಡವಿಕೊಂಡು ಹುಡುಕುವಂತಿದ್ದರೆ ಅಂಥದೇ ಗಿಲೀಟಿನ ಬಳೆ ಹಾಕಿ. ಕನ್ನಡಕ, ಹಲ್ಲುಸೆಟ್ಟಿನ ಡಬ್ಬಿಗೆ ಹೆಸರು ಅಂಟಿಸಿ.

ಸೇರಿಸುವುದು ಬೆಳಗಿನ ತಿಂಡಿಯ ನಂತರ. ಹೊತ್ತಿಳಿಯುತ್ತಿದ್ದಂತೆ ಚಡಪಡಿಕೆ ಹೆಚ್ಚುವುದರಿಂದ ಸಂಜೆ ಬೇಡ. ವಾರ ಮೊದಲೇ ಹೇಳಿದರೆ ವಿಷಯ ಮರೆತು ಆತಂಕ ಮಾತ್ರ ಉಳಿದೀತು.

ಅವರು ಹೇಳುವ 'ಮನೆ' ಎಷ್ಟೋ ಸಲ ತವರುಮನೆ. ಇದೇ ನಿನ್ನ ಮನೆ ಎಂದು ವಾದಿಸಬೇಡಿ. "ಅಲ್ಲಿ ಯಾರ್ಯಾರು ಇದ್ದಾರವ್ವಾ?" ಎಂದು ಕೇಳಿ, ಹೇಳಲು ಬಿಡಿ. ಭೇಟಿಗೆ ಹತ್ತು ಗಂಟೆಗೆ ಹೋಗಿ, ಊಟದ ತಟ್ಟೆ ಬಂದಾಗ ಹೊರಡಿ. ಕೈ ಊಟದಲ್ಲಿದ್ದಾಗ ಅಗಲಿಕೆ ಅಷ್ಟು ಚುಚ್ಚುವುದಿಲ್ಲ.

ಮೊದಲ ತಿಂಗಳು ವಾರಕ್ಕೊಮ್ಮೆ ತೂಕ ನೋಡಿಸಿ. ಒಂದೆರಡು ದಿನದಲ್ಲೇ ಗೊಂದಲ ವಿಪರೀತವಾದರೆ 'ಕಾಯಿಲೆ ಬಲಿಯಿತು' ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಅಂದೇ ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ.