ಮೂವತ್ತು ದಾಟಿದರೂ ಬಿಡದ ಮೊಡವೆ

ವಯಸ್ಸು 31, ಬ್ಯಾಂಕ್ ಕೆಲಸ, ಮದುವೆ ಮಾತುಕತೆ ನಡೆದಿದೆ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಆಕೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆಯಿಲ್ಲವೆಂದು. ಎರಡನೇ ಭೇಟಿಯಲ್ಲಿ ಮಾಸ್ಕ್ ತೆಗೆದರು: ಗದ್ದ, ದವಡೆಯಂಚಿನಲ್ಲಿ ಕೆಂಪು ಗಂಟುಗಳು, ಮೇಲೆ ಉಗುರಿನ ಗಾಯ. ರಾತ್ರಿ ಬಚ್ಚಲುಮನೆಯ ಕನ್ನಡಿ ಮುಂದೆ ಮುಕ್ಕಾಲು ಗಂಟೆ ಹಿಸುಕುತ್ತಾರೆ, ಆಮೇಲೆ ಅಳು. "ಈ ವಯಸ್ಸಲ್ಲೂ ಮೊಡವೆನಾ ಅಂತ ಚಿಕ್ಕಮ್ಮ ಎಲ್ಲರೆದುರೇ ಕೇಳ್ತಾರೆ ಮೇಡಂ."

ಏನು ಹಚ್ಚುತ್ತೀರಿ ಎಂದು ಕೇಳಿದರೆ ಸಾಲದು, ಟ್ಯೂಬನ್ನೇ ತರಿಸಿ ಓದಬೇಕು. ಎಂಟು ತಿಂಗಳಿಂದ ಚೀಟಿಯಿಲ್ಲದೆ ಕೊಳ್ಳುತ್ತಿದ್ದ 'ಬೆಳ್ಳಗಾಗುವ' ಕ್ರೀಮಿನಲ್ಲಿ ಮೊಮೆಟಾಸೋನ್ ಇತ್ತು, ಅದು ಸ್ಟೀರಾಯ್ಡ್. ಮೊದಮೊದಲು ಮುಖ ತಿಳಿಯಾಗುತ್ತದೆ. ಬರುಬರುತ್ತಾ ಮೊಡವೆ ಎಬ್ಬಿಸುವುದೂ ಅದೇ. ನಿಲ್ಲಿಸಿದರೆ ಉರಿ, ಕೆಂಪು. ಹೆದರಿ ಮತ್ತೆ ಹಚ್ಚುತ್ತಾರೆ. ಬಿಡಿಸುವ ಕ್ರಮ ಚರ್ಮವೈದ್ಯರದು, ಅಲ್ಲಿಗೇ ಕಳಿಸಲಾಯಿತು. ಮುಟ್ಟು 50 ದಿನಕ್ಕೊಮ್ಮೆ ಎಂದದ್ದರಿಂದ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ಮೊಡವೆ ಏಳುವ ತೊಂದರೆ) ತಪಾಸಣೆಯನ್ನೂ ಕೇಳಿಕೊಳ್ಳಲು ಹೇಳಿದೆ.

ಉರಿ ತಗ್ಗಿದ ಮೇಲೆ ವೈದ್ಯರು ಬರೆದದ್ದು ರಾತ್ರಿಗೆ ರಂಧ್ರ ಕಟ್ಟದಂತೆ ತಡೆಯುವ ಅಡಾಪಲೀನ್ 0.1%, ಬೆಳಿಗ್ಗೆಗೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ 2.5%, ಎರಡೂ ಹಚ್ಚುವ ಮದ್ದು. ಜನ ಎಡವುವುದು ಹಚ್ಚುವುದರಲ್ಲಿ. ಅಡಾಪಲೀನ್ ಮೊಡವೆಗೆ ಬೊಟ್ಟಿಡುವ ಮದ್ದಲ್ಲ: ತೊಳೆದ ಮುಖ ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳ್ಳಗೆ, ಮೊದಲೆರಡು ವಾರ ದಿನ ಬಿಟ್ಟು ದಿನ. ಸಿಪ್ಪೆ ಎದ್ದರೆ ಮೇಲೆ ಮಾಯಿಶ್ಚರೈಸರ್. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಬೆಂಜಾಯ್ಲ್ ತಗುಲಿದ ಟವೆಲ್ ಬಣ್ಣ ಬಿಡುತ್ತದೆ, ಬಿಳಿಯದೇ ಇಟ್ಟುಕೊಳ್ಳಿ.

ಹಿಸುಕುವುದಕ್ಕೆ 'ಇನ್ನು ಮುಟ್ಟಬೇಡ' ಎಂಬ ಬುದ್ಧಿವಾದ ಕೆಲಸಕ್ಕೆ ಬಾರದು. ಮನೆಯಲ್ಲಿ ಅದನ್ನೇ ನೂರು ಸಲ ಕೇಳಿರುತ್ತಾರೆ. ಒಂದು ವಾರ ಬರೆದಿಟ್ಟಾಗ ಗೊತ್ತಾಯಿತು: ಕೈ ಹೋಗುವುದು ಅಮ್ಮನ ಫೋನ್ ಮುಗಿದ ಮೇಲೆ. ಕನ್ನಡಿ ಮೇಲಿನ ಬಲ್ಬ್ ತೆಗೆಸಿದೆವು, ಮುಖ ತೊಳೆಯಲು ಎರಡು ನಿಮಿಷದ ಟೈಮರ್, ಎದ್ದ ಗಂಟಿಗೆ ಪಿಂಪಲ್ ಪ್ಯಾಚ್ (ಮೊಡವೆ ಮುಚ್ಚುವ ಪುಟ್ಟ ಅಂಟುಪಟ್ಟಿ), ಫೋನ್ ಇಟ್ಟ ಕೂಡಲೇ ಕೈಗೆ ಬಿಡಿಸುವ ಬಟಾಣಿಯೋ ಅವರೆಯೋ. ಸಾಯಬೇಕು ಅನ್ನಿಸಿದೆಯೇ ಎಂದೂ ನೇರವಾಗಿ ಕೇಳಲಾಯಿತು, ಇಲ್ಲವೆಂದರು. ಬರೀ ಮೊಡವೆ ತಾನೇ ಎಂದು ಈ ಪ್ರಶ್ನೆ ಬಿಡಬಾರದು.

ಮೂರನೇ ವಾರ ಫೋನ್ ಬಂತು: "ಜಾಸ್ತಿನೇ ಆಗಿದೆ, ಬಿಟ್ಬಿಡ್ಲಾ?" ಅದಕ್ಕೆಂದೇ ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಸಿದ್ದೆ: 2ರಿಂದ 4ನೇ ವಾರ ಹೆಚ್ಚಬಹುದು, ತೀರ್ಮಾನ 12ಕ್ಕೆ. ಹನ್ನೆರಡಕ್ಕೆ ಹೊಸ ಗಂಟು ಎರಡೇ. ಕಲೆಗೆ ಇನ್ನೂ ತಿಂಗಳುಗಳು ಬೇಕು, ಅಲ್ಲಿಯತನಕ ಎಸ್‌ಪಿಎಫ್ 30 ಸನ್‌ಸ್ಕ್ರೀನ್. ಚಿಕ್ಕಮ್ಮನಿಗೆ "ಚಿಕಿತ್ಸೆ ನಡೀತಿದೆ" ಎಂದಷ್ಟೇ ಹೇಳಿ ಮಾತು ತಿರುಗಿಸುವುದನ್ನು ಎರಡು ಸಲ ಅಭ್ಯಾಸ ಮಾಡಿಸಿದ್ದೇನೆ.