ಎರಡು ಎಕರೆಯಲ್ಲಿ ಎಣ್ಣೆಗೆ ಗುಲಾಬಿ ಬೆಳೆಯಬಹುದಾ?

ಚಿಕ್ಕಬಳ್ಳಾಪುರದ ಹತ್ತಿರ ಎರಡು ಎಕರೆ ಇದೆ, ಬೋರ್‌ವೆಲ್ ಇದೆ, ಗುಲಾಬಿ ಎಣ್ಣೆಗೆ ಕೆಜಿಗೆ ಲಕ್ಷಗಟ್ಟಲೆ ಬೆಲೆ ಅಂತ ವಿಡಿಯೋ ನೋಡಿದೆ, ಶುರು ಮಾಡಲಾ ಅಂತ ಕೇಳಿದ್ದೀರಿ. ಬೆಲೆಯ ಮಾತು ನಿಜ. ಆದರೆ ಒಂದು ಕೆಜಿ ಎಣ್ಣೆಗೆ ಮೂರೂವರೆ, ನಾಲ್ಕು ಟನ್ ಹೂ ಬೇಕು. ಚೆನ್ನಾಗಿ ನೋಡಿಕೊಂಡ ತೋಟದಲ್ಲೂ ಎಕರೆಗೆ ವರ್ಷಕ್ಕೆ ಬರೋದು ಒಂದು ಟನ್ ಆಚೀಚೆ. ನಿಮ್ಮ ಎರಡು ಎಕರೆಗೆ ಅರ್ಧ ಕೆಜಿ ಎಣ್ಣೆ ಅಂತ ಇಟ್ಟುಕೊಳ್ಳಿ, ಅದೂ ಗಿಡ ಬಲಿತು ಮೂರನೇ ವರ್ಷದಿಂದ.

ನಾನು ಉತ್ತರಪ್ರದೇಶದ ಕನೌಜ್ ಕಡೆ ಒಂದು ಅತ್ತರು ಕಾರ್ಖಾನೆಯಲ್ಲಿ ಎರಡು ಸೀಸನ್ ಇದ್ದೆ, ಅದಕ್ಕೇ ಇಷ್ಟು ಬರೀತಿದ್ದೇನೆ. ಎಣ್ಣೆಗೆ ಬೇಕಾದದ್ದು ಡಮಾಸ್ಕ್ ಗುಲಾಬಿ. ಹಾರಕ್ಕೆ, ಬೊಕೆಗೆ ನಿಮ್ಮ ಕಡೆ ಬೆಳೆಯುವ ಗುಲಾಬಿಯಲ್ಲಿ ಎಣ್ಣೆ ಇಲ್ಲ ಅಂತಲೇ ಲೆಕ್ಕ. ಡಮಾಸ್ಕ್‌ಗೆ ಚಳಿ ಬೇಕು. ಬಲ್ಗೇರಿಯಾದ ಕಜಾನ್ಲಕ್ ಕಣಿವೆ, ಟರ್ಕಿಯ ಇಸ್ಪಾರ್ಟಾ, ನಮ್ಮಲ್ಲಿ ಹಿಮಾಚಲದ ಪಾಲಂಪುರ, ಎಲ್ಲಾ ಚಳಿಯ ಊರುಗಳೇ. ಕನೌಜ್‌ಗೆ ಹೂ ಬರುವ ಹಾಥ್ರಸ್, ಅಲಿಗಢ ಬಯಲುಸೀಮೆಯೇ, ಆದರೂ ಅಲ್ಲಿ ಡಿಸೆಂಬರ್, ಜನವರಿಯ ಚಳಿ ಮೂಳೆ ಕೊರೆಯುತ್ತೆ. ಆಗ ಗಿಡ ಸವರಿದರೆ ಮಾರ್ಚ್, ಏಪ್ರಿಲ್‌ನಲ್ಲಿ ಮೂರ್ನಾಲ್ಕು ವಾರ ಹೂ. ವರ್ಷಕ್ಕೆ ಅಷ್ಟೇ. ನಮ್ಮ ಬೆಚ್ಚಗಿನ ಚಳಿಗಾಲದಲ್ಲಿ ಅದಕ್ಕೆ ಎಲೆ ಜಾಸ್ತಿ, ಹೂ ಕಡಿಮೆ.

ಇನ್ನು ಕೊಯ್ಲು. ಕತ್ತಲಿರುವಾಗಲೇ ತೋಟಕ್ಕೆ ಇಳಿದು ಎಂಟು ಗಂಟೆಯೊಳಗೆ ಮುಗಿಸಬೇಕು, ಬಿಸಿಲೇರಿದಂತೆ ಹೂವಿನ ಎಣ್ಣೆ ಆರಿ ಹೋಗುತ್ತೆ. ಒಂದು ದಿನ ನಮ್ಮ ಕಾರ್ಖಾನೆಗೆ ಹೂವಿನ ಲಾರಿ ದಾರಿಯಲ್ಲಿ ಕೆಟ್ಟು ಮಧ್ಯಾಹ್ನ ಬಂತು, ಹೂವನ್ನು ಗೋಣಿಚೀಲದಲ್ಲಿ ಒತ್ತಿ ತುಂಬಿದ್ದರು. ಚೀಲದೊಳಗೆ ಕೈ ಹಾಕಿದೆ, ಸಗಣಿ ಗೊಬ್ಬರದ ಗುಂಡಿಯ ಹಾಗೆ ಬಿಸಿ. ಎಸಳು ಕಂದು ಬಣ್ಣಕ್ಕೆ ತಿರುಗಿ, ಹುಳಿ ವಾಸನೆ. ಅಷ್ಟು ಹೂವಿನ ಹಿಂದೆ ಎಷ್ಟು ಹೆಣ್ಣುಮಕ್ಕಳ ಬೆಳಗಿನ ನಿದ್ದೆ ಇತ್ತು ಅಂತ ನೆನೆದು ಹೊಟ್ಟೆ ಉರಿಯಿತು. ಹಾಗಾಗಿ ಬಟ್ಟಿ ಇಳಿಸುವ ಹಂಡೆ ತೋಟದ ಪಕ್ಕದಲ್ಲೇ ಇರಬೇಕು, ದೂರದ ಫ್ಯಾಕ್ಟರಿ ನಂಬಿ ಗಿಡ ಹಾಕಬೇಡಿ.

ಇನ್ನೊಂದು ವಿಷಯ ಆ ವಿಡಿಯೋಗಳಲ್ಲಿ ಬರೋದೇ ಇಲ್ಲ. ಗುಲಾಬಿಯ ಪರಿಮಳದಲ್ಲಿ ದೊಡ್ಡ ಪಾಲು ಫಿನೈಲ್ ಈಥೈಲ್ ಆಲ್ಕೋಹಾಲ್ ಅನ್ನೋ ಸುವಾಸನೆಯ ರಾಸಾಯನಿಕ, ಅದು ನೀರಲ್ಲಿ ಕರಗುತ್ತೆ. ಹಂಡೆಯಲ್ಲಿ ಹೂ ಬೇಯಿಸಿದಾಗ ಏಳುವ ಹಬೆ ತಣಿದು ಬಂದ ನೀರಿನ ಮೇಲೆ ಎಣ್ಣೆ ತೆಳ್ಳಗೆ ತೇಲುತ್ತೆ, ಆದರೆ ಆ ಪರಿಮಳ ಬಹಳಷ್ಟು ಕೆಳಗಿನ ನೀರಲ್ಲೇ ಉಳಿಯುತ್ತೆ. ಆ ನೀರೇ ಒಳ್ಳೆಯ ಪನ್ನೀರು! ಸಣ್ಣ ರೈತನಿಗೆ ಕೈಗೆಟುಕುವ ಸರಕು ಅದೇ ಅಂತ ನನ್ನ ಗಟ್ಟಿ ನಂಬಿಕೆ.

ನಾನಾದರೆ ಎಣ್ಣೆ ಆಸೆ ಬಿಟ್ಟು ಅರ್ಧ ಎಕರೆಗೆ ನಮ್ಮ ಪನ್ನೀರು ಗುಲಾಬಿ ಹಾಕುತ್ತೇನೆ. ಹವೆಗೆ ಒಗ್ಗುತ್ತೆ, ವರ್ಷದ ಬಹುಪಾಲು ಹೂ ಬಿಡುತ್ತೆ, ಪನ್ನೀರಿಗೂ ಗುಲ್ಕಂದಿಗೂ ಆಗುತ್ತೆ, ಮಿಕ್ಕ ಹೂ ಮಾರುಕಟ್ಟೆಗೆ. ಔಷಧಿ ಹೊಡೆದ ಹೂವನ್ನು ಮಾತ್ರ ಗುಲ್ಕಂದಿಗೆ ಹಾಕಲೇಬೇಡಿ, ಜನ ತಿನ್ನೋದು ಅಲ್ವಾ. ಡಮಾಸ್ಕ್ ನೋಡಲೇಬೇಕು ಅಂತಿದ್ದರೆ ಸೀಮ್ಯಾಪ್ (ಔಷಧೀಯ, ಸುಗಂಧ ಸಸ್ಯಗಳ ಕೇಂದ್ರ ಸರ್ಕಾರಿ ಸಂಸ್ಥೆ) ಅವರ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅವರ ಲಖನೌ ಸಂಸ್ಥೆಯ ನೂರ್‌ಜಹಾನ್, ರಾಣಿಸಾಹಿಬಾ ತಳಿಗಳ ಬಗ್ಗೆ ಅಲ್ಲಿ ಕೇಳಿ. ಕಡ್ಡಿ ಸಿಕ್ಕರೆ ಬೇಲಿ ಪಕ್ಕ ಐವತ್ತು ನೆಡಿ, ಎರಡು ಚಳಿಗಾಲ ಕಳೆಯಲಿ, ಮಾರ್ಚಿನಲ್ಲಿ ಗಿಡಕ್ಕೆ ಎಷ್ಟು ಹೂ ಬಂತು ಅಂತ ತೂಕ ಹಾಕಿ ಇಲ್ಲೇ ಬರೆಯಿರಿ, ಮುಂದಿನ ಲೆಕ್ಕ ಒಟ್ಟಿಗೆ ಹಾಕೋಣ.