5 ಸಾವಿರದಾಗ ಕೈಯಾಗ ಹಿಡಿದಾಡೋ ಗೇಮ್ ಯಾವ್ದು: ಶಹಾಪುರದ ಅಕ್ಕಾರು ಕೇಳಿದ್ದಕ್ಕ

ಅಕ್ಕಾರ, ನೀವು ಕೇಳಿದ್ದು ಇಷ್ಟು: 11 ವರ್ಷದ ಮಗಗ ಮೊಬೈಲ್ ಬಿಡಿಸಬೇಕು, ಅದರ ಬದಲಿ ಕೈಯಾಗ ಹಿಡಿದಾಡೋ ಗೇಮ್ ಕೊಡಿಸಬೇಕು, 5 ಸಾವಿರದಾಗ ಮುಗೀಬೇಕು, ಅದರಾಗ ಅವ ಕೇಳೋ ಪಿಎಸ್‌ಪಿ (ಸೋನಿ ಕಂಪನಿಯ ಹಳೇ ಕೈಗೇಮ್ ಯಂತ್ರ) ಗೇಮೂ ನಡೀಬೇಕು. ಗುಂಪಿನಾಗ ಒಬ್ಬರು 400 ಇನ್ 1 ಸಾಕು ಅಂದಾರ, ಒಬ್ಬರು ಹಳೇ ಯಂತ್ರಗಳ ಗೇಮೆಲ್ಲಾ ಓಡಸೋ ಆರ್36ಎಸ್ ಅನ್ನೋ ಅಗ್ಗದ ಯಂತ್ರ ಅಂದಾರ, ಮತ್ತೊಬ್ಬರು ಹಳೇ ಪಿಎಸ್‌ಪಿ ಹುಡುಕ್ರಿ ಅಂದಾರ. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ: ಆರ್36ಎಸ್ ತಗೋರಿ, ಖರೆ 5 ಸಾವಿರ ಪೂರಾ ಅದಕ್ಕೇ ಹಾಕಬ್ಯಾಡ್ರಿ. ಒಂದು ಸಾವಿರ ಮೆಮೊರಿ ಕಾರ್ಡಿಗಿ ಎತ್ತಿಡ್ರಿ. ಪಿಎಸ್‌ಪಿ ಆಸೆ ಮಾತ್ರ ಅದ್ರಾಗ ಅರ್ಧಾನೇ ತೀರ್ತದ. ಯಾಕಂತ ಕೆಳಗ ಬರೀತೀನಿ.

400 ಇನ್ 1 ಅನ್ನೋದು ಐದುನೂರು-ಎಂಟುನೂರು ರೂಪಾಯಿದು. ಒಳಗ ಇರೋದು 1983ರಾಗ ಜಪಾನಿನಾಗ ಬಂದ 8 ಬಿಟ್ ಫ್ಯಾಮಿಕಾಮ್ ಅನ್ನೋ ಟಿವಿ ಗೇಮ್ ಯಂತ್ರದ ನಕಲು ಚಿಪ್. ಗೇಮೆಲ್ಲಾ ಚಿಪ್ಪಿನಾಗೇ ಕುಂತಿರ್ತಾವ, ಹೊಸದು ಹಾಕಾಕ ಬರಲ್ಲ. ಆಟ ನಡುವ ಸೇವ್ ಮಾಡಾಕ ಬರಲ್ಲ, ಬಂದ್ ಮಾಡಿದ್ರ ಮತ್ತ ಮೊದಲಿಂದ. 400ರ ಎಣಿಕಿಯಾಗ ಒಂದೇ ಗೇಮ್ ನಾಕು ಹೆಸರಿನಾಗ ತಿರಗ ಮರಗ ಬರ್ತದ. ಚಲೋ ಗುಣ ಒಂದದ: ಬಹಳಷ್ಟರಾಗ ಹಳೇ ನೋಕಿಯಾ ಫೋನಿನ ಬಿಎಲ್-5ಸಿ ನಮೂನಿ ಬ್ಯಾಟರಿ ಇರ್ತದ, ಯಾವ ಮೊಬೈಲ್ ಅಂಗಡ್ಯಾಗ ಬೇಕಾದ್ರೂ ಸಿಗ್ತದ. ಆರೇಳು ವರ್ಷದ ಕೂಸಿಗಿ ಸಾಕು. 11 ವರ್ಷದವ ಒಂದು ವಾರಕ್ಕ ಮೂಲಿಗಿ ಒಗದು ಮತ್ತ ಮೊಬೈಲ್ ಕೇಳ್ತಾನ.

ಈಗ ಸ್ಕ್ರೀನ್ ಮಾತು. ಎಲ್ಲಾರೂ ಗೇಮ್ ಎಷ್ಟವ ಅಂತ ಕೇಳ್ತಾರ, ಸ್ಕ್ರೀನಿನ ಲೆಕ್ಕ ಯಾರೂ ಹಾಕಲ್ಲ, ಆಟದ ಸುಖ ಇರೋದು ಮಾತ್ರ ಅದ್ರಾಗೇ. ಈ ಬೆಲೆಯ ಯಂತ್ರದಾಗ ಹೆಚ್ಚಾಗಿ 3.5 ಇಂಚಿನ 640 × 480 ಚುಕ್ಕಿಯ (ಪಿಕ್ಸೆಲ್) ಸ್ಕ್ರೀನ್ ಇರ್ತದ, ಅಂದ್ರ 4:3 ಆಕಾರ. ಹಳೇ ಪ್ಲೇಸ್ಟೇಷನ್ 1 ಗೇಮ್ ಬಹಳಷ್ಟು 320 × 240 ಅಳತಿ. ಅದು ಸರಿಯಾಗಿ ಎರಡು ಪಟ್ಟು ಹಿಗ್ಗಿ ಸ್ಕ್ರೀನ್ ಪೂರಾ ತುಂಬ್ತದ, ಒಂದು ಚುಕ್ಕಿನೂ ಕೆಡಲ್ಲ. ನಿಂಟೆಂಡೊ ಕಂಪನಿಯ ಹಳೇ ಕೈಗೇಮ್ ಆದ ಗೇಮ್ ಬಾಯ್ 160 × 144. ಮೂರು ಪಟ್ಟು ಮಾಡಿದ್ರ 480 × 432, ಸುತ್ತಲೂ ಸ್ವಲ್ಪ ಕರಿ ಅಂಚು ಉಳಿದ್ರೂ ಚಿತ್ರ ಚೊಕ್ಕ. ಗೇಮ್ ಬಾಯ್ ಅಡ್ವಾನ್ಸ್ 240 × 160. ಇದು ಅಗಲ ಹೆಚ್ಚಿನ ಆಕಾರ, ಎರಡು ಪಟ್ಟಿಗಿ 480 × 320 ಆಗಿ ನಡುವ ಸಣ್ಣದಾಗಿ ಕಾಣ್ತದ. ಅಗಲ ತುಂಬಂಗ ಎಳದ್ರ 2.67 ಪಟ್ಟು, ಆಗ ಕೆಲವು ಚುಕ್ಕಿ ದಪ್ಪ, ಕೆಲವು ತೆಳು, ಪಾತ್ರ ಓಡುವಾಗ ಮಿನುಗಿದಂಗ ಆಗ್ತದ. ಅದಕ್ಕೇ ಅನ್‌ಬರ್ನಿಕ್ ಅನ್ನೋ ಚೀನಾ ಕಂಪನಿಯವರು ಆರ್‌ಜಿ34ಎಕ್ಸ್‌ಎಕ್ಸ್ ಅಂತ 720 × 480 ಸ್ಕ್ರೀನಿಂದು ಬ್ಯಾರೆ ತಂದಾರ, ಅದ್ರಾಗ ಅಡ್ವಾನ್ಸ್ ಗೇಮ್ ಸರೀ ಮೂರು ಪಟ್ಟು ಕೂಡ್ತದ. ಪಿಎಸ್‌ಪಿ ಅಂದ್ರ 480 × 272, ಪೂರಾ ಉದ್ದದ ಸ್ಕ್ರೀನ್. ಅದನ್ನ 4:3 ಸ್ಕ್ರೀನಿಗಿ ಹಾಕಿದ್ರ ಮ್ಯಾಲ ಕೆಳಗ ಕರಿ ಪಟ್ಟಿ, ನಡುವ ಎತ್ತರ 363 ಚುಕ್ಕಿ ಅಷ್ಟ ಉಳೀತದ. 3.5 ಇಂಚಿನಾಗ ಅದರ ಅಕ್ಷರ ಓದಾಕ ಕಣ್ಣಿಗಿ ತ್ರಾಸು.

ಹಂಗಾಗಿ ಮೊದಲ ಮಗಗ ಕೇಳ್ರಿ, "ಯಾವ ಗೇಮ್ ಆಡ್ತಿ?" ಅಂತ. ನಾಕೈದು ಹೆಸರು ಬರಸ್ರಿ. ಅವು ಯಾವ ಯಂತ್ರದ ಗೇಮ್ ಅಂತ ಇಲ್ಲೇ ಗುಂಪಿನಾಗ ಹಾಕ್ರಿ, ಹೇಳ್ತೀವಿ. ಯಂತ್ರ ಆರ್ಸೋದು ಆಮ್ಯಾಲಿನ ಕೆಲಸ.

ಆರ್36ಎಸ್ ಒಳಗ ರಾಕ್‌ಚಿಪ್ ಆರ್‌ಕೆ3326 ಚಿಪ್ ಅದ, ಒಂದು ಜಿಬಿ ರ‍್ಯಾಮ್, ಎಲ್ಲಾ ದಿಕ್ಕಿಗಿ ಹೊರಳೋ ಎರಡು ಅನಲಾಗ್ ಕಡ್ಡಿ. ಪ್ಲೇಸ್ಟೇಷನ್ 1ರ ತನಕ ಎಲ್ಲಾ ಆರಾಮ ನಡೀತದ. ಪಿಎಸ್‌ಪಿಯಾಗ ಹಗುರ 2ಡಿ ಗೇಮ್ ನಡೀತಾವ. ರೇಸಿಂಗು, ದೊಡ್ಡ ಹೊಡೆದಾಟದ ಗೇಮ್ ತಡಕಾಡ್ತಾವ, ಧ್ವನಿ ಒಡೀತದ. ಅನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಎಚ್ ಒಳಗ ಆಲ್‌ವಿನ್ನರ್ ಎಚ್700 ಚಿಪ್, ಅದು ಇದಕ್ಕಿಂತ ಒಂದು ಮೆಟ್ಟಲ ಮ್ಯಾಲ, ಪಿಎಸ್‌ಪಿ ಇನ್ನೂ ಸ್ವಲ್ಪ ಹೆಚ್ಚು ನಡೀತಾವ, ಕಟ್ಟೋಣಾನೂ ಗಟ್ಟಿ. ಅದಕ್ಕ ನಿಮ್ಮ ಬಜೆಟ್ ಮ್ಯಾಲ ಇನ್ನೂ ಎರಡು ಮೂರು ಸಾವಿರ ಕೂಡಿಸಬೇಕಾಗ್ತದ. ಮಿಯೂ ಮಿನಿ ಪ್ಲಸ್ ಅಂತ ಒಂದದ, ಕಿಸೆದಾಗ ಹಿಡಿಸ್ತದ, ನೋಡಾಕ ಚಂದ, ಅದಕ್ಕ ಅನಲಾಗ್ ಕಡ್ಡಿ ಇಲ್ಲ, ಪಿಎಸ್‌ಪಿ ಮಾತೇ ಬ್ಯಾಡ. ಹುಡುಗಗ ಪಿಎಸ್‌ಪಿ ಗೇಮೇ ಬೇಕು, ಬ್ಯಾರೆ ಒಲ್ಲೆ ಅಂದ್ರ ಸೆಕೆಂಡ್ ಹ್ಯಾಂಡ್ ಪಿಎಸ್‌ಪಿನೇ ಸರಿ: 4.3 ಇಂಚಿನ ಸ್ಕ್ರೀನ್, ಗೇಮ್ ಹೆಂಗ ಮಾಡ್ಯಾರೋ ಹಂಗೇ ಓಡ್ತದ. ತಗೊಳ್ಳುವಾಗ ಹಿಂದಿನ ಮುಚ್ಚಳ ತೆಗೆಸಿ ಬ್ಯಾಟರಿ ಉಬ್ಬ್ಯದೇನು ನೋಡ್ರಿ, ಡಿಸ್ಕ್ ಹಾಕಿ ಓದ್ತದೇನು ನೋಡ್ರಿ, ಎಡಗಡೆ ಸಣ್ಣ ಕಡ್ಡಿ ಬಿಟ್ಟಾಗ ನಡುವಿಗಿ ಬರ್ತದೇನು ನೋಡ್ರಿ. ಅದರ ಮೆಮೊರಿ ಸ್ಟಿಕ್ ಈಗ ಸಿಗೋದು ಕಷ್ಟ, ಮೈಕ್ರೋ ಎಸ್‌ಡಿ ಕಾರ್ಡ್ ಹಾಕೋ ಅಡಾಪ್ಟರ್ ಸಿಗ್ತದ.

ಆರ್36ಎಸ್‌ದು ದೊಡ್ಡ ತೊಂದರಿ ಅಂದ್ರ ನಕಲು. ಹೊರಗಿನ ಡಬ್ಬಿ ಒಂದೇ, ಒಳಗಿನ ಬೋರ್ಡ್ ಬ್ಯಾರೆ. ಚಾಲೂ ಮಾಡಿದಾಗ ಒಳಗಿನ ಸಾಫ್ಟ್‌ವೇರಿನ ಹೆಸರು ಆರ್ಕ್‌ಓಎಸ್ ಅಂತ ಬಂದ್ರ ಹೆಚ್ಚಾಗಿ ಸರಿಯಾದ ಬೋರ್ಡು, ಎಮುಎಲೆಕ್ ಅಂತ ಬಂದ್ರ ಹೆಚ್ಚಾಗಿ ನಕಲು. ನಕಲಿನಾಗೂ ಗೇಮ್ ನಡೀತಾವ, ಮುಂದ ಹೊಸ ಸಾಫ್ಟ್‌ವೇರ್ ಹಾಕಾಕ ಹೋದಾಗ ಕೈ ಕೊಡ್ತದ. ಸರಿಯಾದ ಬೋರ್ಡಿನಾಗೂ ಸ್ಕ್ರೀನ್ ಪ್ಯಾನೆಲ್ ಒಂದೇ ನಮೂನಿ ಇರಲ್ಲ, ಕಂಪನಿ ಆಗಾಗ ಬದಲಿ ಮಾಡ್ಯದ. ನೆಟ್ಟಿನ್ಯಾಗ ಸಿಕ್ಕ ಸಾಫ್ಟ್‌ವೇರ್ ಹಾಕಿ ಸ್ಕ್ರೀನ್ ಕರಿ ಆಗಿ "ಯಂತ್ರ ಸತ್ತದ" ಅಂತ ಬರೆಯೋರು ಬಹಳ ಮಂದಿ. ಸತ್ತಿರಲ್ಲ, ತನ್ನ ಪ್ಯಾನೆಲ್ ಯಾವುದಂತ ಅದಕ್ಕ ತಿಳಿದಿರಲ್ಲ. ಹಳೇ ಕಾರ್ಡಿನ ಬೂಟ್ ಭಾಗದಾಗ (ಚಾಲೂ ಆಗೋ ಫೈಲ್ ಇರೋ ಜಾಗ) ಹೆಸರಿನ ಕೊನಿಗಿ ಡಿಟಿಬಿ (.dtb) ಅಂತ ಇರೋ ಫೈಲ್ ಇರ್ತದ, ಅದನ್ನ ಹೊಸ ಕಾರ್ಡಿಗಿ ಹಾಕಿದ್ರ ಸ್ಕ್ರೀನ್ ಬರ್ತದ. ಅದಕ್ಕೇ ಮೂಲ ಕಾರ್ಡಿನ ನಕಲು ತೆಗೆದಿಡದ ಏನೂ ಮುಟ್ಟಬ್ಯಾಡ್ರಿ.

ಕಾರ್ಡಿನ ಮಾತಿಗಿ ಬಂದೆ. ಜೋಡಿ ಬರೋ ಹೆಸರಿಲ್ಲದ ಕಾರ್ಡೇ ಇಂಥ ಯಂತ್ರದಾಗ ಎಲ್ಲಕ್ಕಿಂತ ಮೊದಲ ಕೆಡೋ ಸಾಮಾನು. ಮೊದಲ ಒಂದೆರಡು ಗೇಮ್ ಕಾಣದಂಗ ಆಗ್ತಾವ, ಆಮ್ಯಾಲ ಸೇವ್ ಹೋಗ್ತಾವ, ಕಡಿಗಿ ಚಾಲೂನೇ ಆಗಲ್ಲ. ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್ ಇಂಥ ಹೆಸರಿನ ಕಾರ್ಡ್ ಬಿಲ್ ಕೊಡೋ ಅಂಗಡ್ಯಾಗೇ ತಗೋರಿ. ತಂದ ದಿನವೇ ಕಂಪ್ಯೂಟರಿಗಿ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಕ್ಕಟಿ ಸಾಫ್ಟ್‌ವೇರಿನಿಂದ ಪೂರಾ ತುಂಬಿಸಿ ಪರೀಕ್ಷಾ ಮಾಡ್ರಿ; ಖೊಟ್ಟಿ ಕಾರ್ಡ್ ಇದ್ರ ಅಲ್ಲೇ ತಪ್ಪು ತೋರಸ್ತದ. 64 ಜಿಬಿ ಕಾರ್ಡು ವಿಂಡೋಸಿನಾಗ 59 ಜಿಬಿ ಸುತ್ತ ಕಾಣ್ತದ, ಅದು ಲೆಕ್ಕದ ಫರಕು, ಮೋಸ ಅಲ್ಲ.

ಆರ್36ಎಸ್‌ಗಿ ಎರಡು ಕಾರ್ಡಿನ ಜಾಗ: ಟಿಎಫ್1 ಸಾಫ್ಟ್‌ವೇರಿಗಿ, ಟಿಎಫ್2 ಗೇಮಿಗಿ. ಟಿಎಫ್2ರ ಕಾರ್ಡ್ ಬದಲಿ ಮಾಡೋದು ಹಗುರ, ಹಳೇದರಾಗಿನ ಫೋಲ್ಡರೆಲ್ಲಾ ಕಂಪ್ಯೂಟರಿಗಿ ಕಾಪಿ ಮಾಡ್ರಿ, ಅಲ್ಲಿಂದ ಹೊಸದಕ್ಕ ಹಾಕ್ರಿ, ಫೋಲ್ಡರಿನ ಹೆಸರು ಮಾತ್ರ ಬದಲಿ ಮಾಡಬ್ಯಾಡ್ರಿ. ಟಿಎಫ್1ಕ್ಕ ಕಾಪಿ ಪೇಸ್ಟ್ ನಡೆಯಲ್ಲ, ಅದ್ರಾಗ ವಿಂಡೋಸಿಗಿ ಕಾಣದ ಭಾಗಗಳಿರ್ತಾವ. ವಿನ್32 ಡಿಸ್ಕ್ ಇಮೇಜರ್ ಒಳಗ 'ರೀಡ್' ಒತ್ತಿ ಪೂರಾ ಕಾರ್ಡನ್ನ ಒಂದು ಇಮೇಜ್ ಫೈಲ್ ಮಾಡ್ರಿ, ಅದೇ ಫೈಲ್ ಹೊಸ ಕಾರ್ಡಿಗಿ 'ರೈಟ್' ಮಾಡ್ರಿ. ಸೆಕೆಂಡಿಗಿ 20 ಎಂಬಿ ಓದೋ ಕಾರ್ಡ್ ಇದ್ರ 64 ಜಿಬಿ ಓದಾಕೇ ಒಂದು ತಾಸಿನ ಹತ್ರ ಹಿಡೀತದ, ನಡುವ ಕರೆಂಟ್ ಹೋದ್ರ ಮತ್ತ ಮೊದಲಿಂದ, ಲ್ಯಾಪ್‌ಟಾಪಿನ್ಯಾಗ ಮಾಡ್ರಿ. ಒಂದು ಸೂಕ್ಷ್ಮ: 64 ಅಂತ ಬರೆದ ಎರಡು ಕಾರ್ಡಿನ ಖರೇ ಅಳತಿ ಕೆಲವು ಎಂಬಿ ಹೆಚ್ಚು ಕಡಿಮಿ ಇರ್ತದ, ಹೊಸದು ಸಣ್ಣದಿದ್ರ ಇಮೇಜ್ ಹಿಡಿಸಲ್ಲ. ಹಂಗಾಗಿ ಒಂದು ಅಳತಿ ದೊಡ್ಡದು ತಗೊಂಡ್ರ ಚಿಂತಿ ಇಲ್ಲ. ಕಾರ್ಡ್ ಕಂಪ್ಯೂಟರಿಗಿ ಹಾಕಿದಾಗ ವಿಂಡೋಸ್ "ಫಾರ್ಮ್ಯಾಟ್ ಮಾಡ್ಲೇನು?" ಅಂತ ಕೇಳ್ತದ. ಪ್ರತಿ ಸಲ 'ಕ್ಯಾನ್ಸಲ್' ಒತ್ರಿ. ಅಲ್ಲಿ 'ಫಾರ್ಮ್ಯಾಟ್ ಡಿಸ್ಕ್' ಒತ್ತಿದ್ರ ಮಾಡಿದ್ದೆಲ್ಲಾ ನೀರಾಗ.

ದೊಡ್ಡ ಕಾರ್ಡಿಗಿ ಹೆಚ್ಚು ರೊಕ್ಕ ಹಾಕೋದೂ ಬ್ಯಾಡ. ಗೇಮ್ ಬಾಯ್ ಅಡ್ವಾನ್ಸ್ ಗೇಮ್ ಹೆಚ್ಚಂದ್ರ 32 ಎಂಬಿ, ಪ್ಲೇಸ್ಟೇಷನ್ 1ರ ಒಂದು ಸಿಡಿ 700 ಎಂಬಿ ಒಳಗ, ಪಿಎಸ್‌ಪಿ ಡಿಸ್ಕ್ 1.8 ಜಿಬಿ ತನಕ. "20 ಸಾವಿರ ಗೇಮ್, 128 ಜಿಬಿ" ಅಂತ ಬರೆದು ಸಾವಿರ ರೂಪಾಯಿ ಹೆಚ್ಚು ಕೇಳಿದ್ರ ಆ ಸಾವಿರ ಉಳಿಸಿಕೊಳ್ರಿ. ಅದ್ರಾಗ ಒಂದೇ ಗೇಮಿನ ಜಪಾನಿ ನಕಲು, ಯುರೋಪಿನ ನಕಲು, ಅಮೆರಿಕಾದ ನಕಲು ಎಲ್ಲಾ ಬ್ಯಾರೆ ಬ್ಯಾರೆ ಎಣಿಸಿರ್ತಾರ. ಇನ್ನೊಂದು ಮಾತು ಸ್ಪಷ್ಟ ಹೇಳಬೇಕು: ಹಿಂಗ ತುಂಬಿ ಕೊಡೋ ಗೇಮಿಗಿ ಗೇಮ್ ಮಾಡಿದ ಕಂಪನಿಗಳ ಒಪ್ಪಿಗಿ ಇರಲ್ಲ. ಪುಕ್ಕಟಿ ಹಂಚ್ರಿ ಅಂತ ಮಾಡಿದೋರೇ ಬಿಟ್ಟ ಗೇಮ್ ಅವ. 2004ರಾಗ ಬಂದ ಕೇವ್ ಸ್ಟೋರಿ, ಗೇಮ್ ಬಾಯ್‌ಗಿ ಮಾಡಿದ ಟೋಬು ಟೋಬು ಗರ್ಲ್ ಅಂಥವು. 11 ವರ್ಷದವಗ ಇವೇ ತಿಂಗಳುಗಟ್ಲೆ ಸಾಕಾಗ್ತಾವ. ಓದೋದು ಕಡಿಮಿ ಇದ್ದು ಆಡೋದು ಹೆಚ್ಚಿರೋ ಗೇಮಿಂದ ಶುರು ಮಾಡಸ್ರಿ. ಮಾತು ಹೆಚ್ಚಿರೋ ಕಥಿ ಗೇಮೆಲ್ಲಾ ಇಂಗ್ಲಿಷಿನಾಗ ಇರ್ತಾವ, ತಿಳೀದ ಬ್ಯಾಸರಾಗಿ ಬಿಟ್ಟುಬಿಡ್ತಾವ ಹುಡುಗರು. ಆರ್36ಎಸ್ ಒಳಗ ವೈಫೈ ಇಲ್ಲ ಅನ್ನೋದನ್ನ ಮಂದಿ ಕೊರತಿ ಅಂತಾರ. ಮೊಬೈಲ್ ಬಿಡಿಸೋ ತಾಯಿಗಿ ಅದೇ ದೊಡ್ಡ ಅನುಕೂಲ, ಜಾಹೀರಾತಿಲ್ಲ, ಯೂಟ್ಯೂಬ್ ಇಲ್ಲ.

ಚಾರ್ಜಿಂಗ್ ಬಗ್ಗಿ ಎಚ್ಚರ ಬೇಕು. ಎರಡು ಟೈಪ್ ಸಿ ತೂತು ಇರ್ತಾವ, 'ಡಿಸಿ' ಅಂತ ಬರೆದಿದ್ರಾಗ ಅಷ್ಟ ಚಾರ್ಜ್ ಆಗ್ತದ, 'ಓಟಿಜಿ' ಅಂದಿದ್ದು ಬ್ಯಾರೆ ಕೆಲಸಕ್ಕ. ಎರಡೂ ತುದಿ ಟೈಪ್ ಸಿ ಇರೋ ಕೇಬಲ್ ಹಾಕಿದ್ರ ಚಾರ್ಜೇ ಆಗಲ್ಲ, ಯಾಕಂದ್ರ ಚಾರ್ಜರಿಗಿ "ಕರೆಂಟ್ ಕೊಡು" ಅಂತ ತಿಳಿಸೋ 5.1 ಕಿಲೋ ಓಮ್ ರೆಸಿಸ್ಟರ್ ಇಂಥ ಅಗ್ಗದ ಬೋರ್ಡಿನಾಗ ಹಾಕದೇ ಬಿಟ್ಟಿರ್ತಾರ. ಒಂದು ತುದಿ ಹಳೇ ಅಗಲ ಯುಎಸ್‌ಬಿ ಇರೋ ಕೇಬಲ್, 5 ವೋಲ್ಟ್ 2 ಆಂಪಿಯರ್ ಚಾರ್ಜರ್ ಸಾಕು. ನಮ್ಮ ಕಡಿ ಏಪ್ರಿಲ್, ಮೇ ಬಿಸಲಿಗಿ 42 ದಾಟ್ತದ, ಲಿಥಿಯಂ ಬ್ಯಾಟರಿ 45 ಡಿಗ್ರಿ ಮ್ಯಾಲ ಚಾರ್ಜ್ ಮಾಡಬಾರದು. ಮಧ್ಯಾಹ್ನ ಪತ್ರಾಸಿನ ಮನ್ಯಾಗ, ಕಿಟಕಿ ಹತ್ರ, ದಿಂಬಿನ ಕೆಳಗ ಇಟ್ಟು ಚಾರ್ಜ್ ಹಾಕಬ್ಯಾಡ್ರಿ. ಮುಂಜಾನಿ ತಂಪಿನಾಗ, ಮನ್ಯಾಗ ಯಾರಾದ್ರೂ ಎಚ್ಚರಿದ್ದಾಗ ಹಾಕ್ರಿ. ಹಿಂದಿನ ಮುಚ್ಚಳ ಉಬ್ಬಿದಂಗ, ಸಂದು ಬಿಟ್ಟಂಗ ಕಂಡ್ರ ಚಾರ್ಜ್ ಬಂದ್ ಮಾಡಿ ಬ್ಯಾಟರಿ ಬದಲಿಸ್ರಿ. ಪರೀಕ್ಷಾ ಬಂತಂತ ಎರಡು ತಿಂಗಳು ಎತ್ತಿಡೋದಿದ್ರ ಅರ್ಧ ಚಾರ್ಜಿನಾಗ ಇಡ್ರಿ. ಖಾಲಿ ಇಟ್ರ ಬ್ಯಾಟರಿ ಎದ್ದೇಳಲ್ಲ.

ತೊಗರಿ ರಾಶಿ ಕಾಲದಾಗ ಧೂಳು ಎಲ್ಲಾ ಕಡಿ ಹೊಗ್ತದ, ಬಟನ್ ಕೆಳಗಿನ ರಬ್ಬರಿಗೂ. ಬಟನ್ ಒತ್ತಿದ್ರ ಒಮ್ಮೆ ಹಿಡೀತದ, ಒಮ್ಮೆ ಇಲ್ಲ ಅಂತಾದ್ರ ಮೊಬೈಲ್ ರಿಪೇರಿಯೋರ ಹತ್ರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಂತ ಸಿಗ್ತದ, ಹತ್ತಿ ಕಡ್ಡಿಗಿ ಸ್ವಲ್ಪ ಹಚ್ಚಿ ರಬ್ಬರ್ ಮತ್ತ ಬೋರ್ಡಿನ ಕರಿ ಗುಂಡು ಒರೆಸಿದ್ರ ಸರಿ ಆಗ್ತದ. ಥಿನ್ನರ್ ಹಚ್ಚಬ್ಯಾಡ್ರಿ, ಪ್ಲಾಸ್ಟಿಕ್ ಕರಗ್ತದ.

ಎಲ್ಲಿ ತಗೋಬೇಕು ಅಂದ್ರ, ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಮೊದಲ ಕೇಳ್ರಿ, ಕೈಯಾಗ ಹಿಡಿದು ನೋಡಾಕ ಬಿಟ್ರ ಅದಕ್ಕಿಂತ ಚಲೋ ಇಲ್ಲ. ಹೈದರಾಬಾದಿಗಿ ಹೋಗೋರಿದ್ರ ಅಬಿಡ್ಸಿನ ಜಗದೀಶ್ ಮಾರ್ಕೆಟ್ ನೋಡಬಹುದು, ಅಲ್ಲಿ ಹಳೇ ಪಿಎಸ್‌ಪಿ ಕೇಳಿದ್ರೂ ನಡೀತದ. ಆನ್‌ಲೈನ್ ತಗೊಂಡ್ರ ವಾಪಸ್ ತಗೋತಾರೋ, ಬರೀ ಬದಲಿ ಕೊಡ್ತಾರೋ ಅಂತ ಓದೇ ಆರ್ಡರ್ ಹಾಕ್ರಿ. ಪಾರ್ಸೆಲ್ ಬಿಚ್ಚೋದನ್ನ ಶುರುವಿಂದ ಕೊನೀತನಕ ಒಂದೇ ವಿಡಿಯೋ ಮಾಡ್ರಿ. ಕೆಟ್ಟ ಸಾಮಾನು ಕೊಟ್ಟು ಮಾತಾಡಲಿಲ್ಲ ಅಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಹಚ್ಚಿದಾಗ ಆ ವಿಡಿಯೋನೇ ನಿಮ್ಮ ಸಾಕ್ಷಿ.

ಬಂದ ದಿನವೇ ನೋಡಬೇಕಾದ್ದು: ಬಿಳಿ ಚಿತ್ರ, ಕರಿ ಚಿತ್ರ ಹಾಕಿ ಸತ್ತ ಚುಕ್ಕಿ ಹುಡುಕ್ರಿ. ಕೂಡಿಸೋ ಗುರುತಿನಂಗಿರೋ ಡಿ-ಪ್ಯಾಡಿನ ಬಲಕ್ಕ ಒತ್ತಿ ಹಿಡಿದು ಬೆರಳು ಸ್ವಲ್ಪ ಮ್ಯಾಲ ಕೆಳಗ ಹೊರಳಸ್ರಿ. ಪಾತ್ರ ತಾನೇ ಜಿಗಿದ್ರ, ಕುಂತ್ರ ಡಿ-ಪ್ಯಾಡ್ ಸರಿ ಇಲ್ಲ, ಬದಲಿ ಕೇಳ್ರಿ. ಕಡ್ಡಿ ಮುಟ್ಟದೇನೂ ಮೆನು ತಾನೇ ಸರಿದ್ರ ಅದೂ ಕೆಟ್ಟದ್ದೇ. ಪೂರಾ ಚಾರ್ಜ್ ಮಾಡಿ ಒಂದು ಗೇಮ್ ಹಚ್ಚಿ ಇಟ್ಟು ಗಡಿಯಾರ ನೋಡ್ರಿ. ಎರಡು ತಾಸಿಗೇ ಬಂದ್ ಆದ್ರ ಒಳಗ ಹೇಳಿದ ಅಳತಿಯ ಬ್ಯಾಟರಿ ಇಲ್ಲ.

ಮಗಗ ಕೈಗಿ ಕೊಡೋ ಮೊದಲ ಇದೊಂದು ಕಲಿಸ್ರಿ. ಆಟದಾಗಿನ ಸೇವ್ ಮಾಡಿ, ಸೆಲೆಕ್ಟ್ ಮತ್ತ ಸ್ಟಾರ್ಟ್ ಕೂಡೇ ಎರಡು ಸಲ ಒತ್ತಿ ಗೇಮಿಂದ ಹೊರಗ ಬರಬೇಕು, ಸ್ಟಾರ್ಟ್ ಒತ್ತಿ 'ಕ್ವಿಟ್' ಒಳಗ ಹೋಗಿ 'ಶಟ್‌ಡೌನ್' ಮಾಡಬೇಕು, ಸ್ಕ್ರೀನ್ ಪೂರಾ ಕರಿ ಆದ ಮ್ಯಾಲೇ ಕಾರ್ಡಿಗಿ ಕೈ ಹಚ್ಚಬೇಕು. ಗೇಮ್ ನಡುವೇ ಪವರ್ ಒತ್ತಿ ಹಿಡಿದು ಬಂದ್ ಮಾಡೋ ಚಟ ಬಿದ್ರ ಎಷ್ಟ ಚಲೋ ಕಾರ್ಡ್ ಹಾಕಿದ್ರೂ ಒಂದಿನ ಸೇವ್ ಫೈಲ್ ಹಾಳಾಗ್ತದ.